ಕಡಲಿಗೆ ಪಹಣಿ ಇಲ್ಲ, ಪಾಲು ಉಂಟು

‘ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆಯೇ?’ ಎಂಬುದು ಕನ್ನಡದ ಹಳೆಯ ಗಾದೆ. ಹರಿಯುವ ನೀರು ಎಲ್ಲರದು, ಅದನ್ನು ಬಳಸಲು ಯಾರ ಅನುಮತಿಯೂ ಬೇಕಿಲ್ಲ ಎಂದು ಇದರ ಅರ್ಥ. ಹೊಳೆಯ ಮಾತೇ ಹೀಗಿದ್ದರೆ ಕಡಲಿನ ವಿಷಯ ಹೇಳಬೇಕೆ? ಕಡಲಿಗೆ ಬೇಲಿ ಹಾಕಿದವರಿಲ್ಲ. ಅದಕ್ಕೆ ಸರ್ವೆ ನಂಬರಿಲ್ಲ, ಪಹಣಿ ಇಲ್ಲ, ಗಡಿಕಲ್ಲಿಲ್ಲ. ದೋಣಿ ಇದ್ದವನು ಇಳಿಯಬಹುದು, ಬಲೆ ಇದ್ದವನು ಹಿಡಿಯಬಹುದು ಎಂದೇ ದಡದಲ್ಲಿ ನಿಂತು ನೋಡುವವರಿಗೆ ಅನ್ನಿಸುತ್ತದೆ.

ಬಲೆ ಎಳೆಯುವವರ ಅನುಭವ ಬೇರೆ. ಯಾವ ದಡದಲ್ಲಿ ಯಾರು ಬಲೆ ಹಾಕಬೇಕು, ಇಬ್ಬರ ಕಣ್ಣು ಒಂದೇ ಮೀನಿನ ಹಿಂಡಿನ ಮೇಲೆ ಬಿದ್ದರೆ ಮೊದಲ ಹಕ್ಕು ಯಾರದು, ಹಿಡಿದ ಮೀನಿನಲ್ಲಿ ದೋಣಿಗೆಷ್ಟು, ಬಲೆಗೆಷ್ಟು, ಕೈದುಡಿಮೆಗೆಷ್ಟು ಎಂಬುದಕ್ಕೆಲ್ಲ ಕರಾವಳಿಯಲ್ಲಿ ಕಟ್ಟುಪಾಡುಗಳಿದ್ದವು. ಅವನ್ನು ಯಾವ ಸರ್ಕಾರವೂ ಬರೆದುಕೊಟ್ಟಿರಲಿಲ್ಲ. ಹಾಗೆಂದು ಮುರಿದವನು ಸುಮ್ಮನೆ ಪಾರಾಗುತ್ತಲೂ ಇರಲಿಲ್ಲ. ಈ ಕಟ್ಟುಪಾಡುಗಳು ಏನಾದವು, ಅವುಗಳ ಜಾಗಕ್ಕೆ ಬಂದದ್ದೇನು ಎಂಬುದನ್ನು ತಿಳಿಯಲು ಕರ್ನಾಟಕದ ಕರಾವಳಿಯ ರಂಪಣಿ ಬಲೆಯ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಊರಿಗೊಂದು ಬಲೆ

ರಂಪಣಿ ದಡಕ್ಕೆ ಎಳೆಯುವ ದೊಡ್ಡ ಬಲೆ. ಗೋವೆಯಲ್ಲಿ ಇದಕ್ಕೆ ರಾಂಪಣ ಎನ್ನುತ್ತಾರೆ, ಎಳೆಯುವವರು ರಾಂಪಣಕಾರರು. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಬಂಗುಡೆ ಮತ್ತು ಬೂತಾಯಿ ಮೀನುಗಳು ದೊಡ್ಡ ಹಿಂಡುಗಳಲ್ಲಿ ದಡದ ಸಮೀಪಕ್ಕೆ ಬರುತ್ತವೆ. ನೀರಿನ ಬಣ್ಣ ಬದಲಾಗುವುದು, ಹಕ್ಕಿಗಳು ಎರಗುವುದು, ಮೇಲ್ಮೈ ಕುದಿದಂತೆ ಕಾಣುವುದು ಇವೆಲ್ಲ ಹಿಂಡಿನ ಗುರುತು. ಸುಳಿವು ಸಿಕ್ಕಿದೊಡನೆ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು ದೋಣಿ ಹೊರಡುತ್ತಿತ್ತು. ಹಿಂಡನ್ನು ಬಳಸಿ ಅರ್ಧಚಂದ್ರಾಕಾರದಲ್ಲಿ ಬಲೆ ಇಳಿಸುತ್ತಾ ಇನ್ನೊಂದು ತುದಿಯನ್ನು ದೂರದ ದಡಕ್ಕೆ ತಂದು ಮುಟ್ಟಿಸುತ್ತಿತ್ತು. ಆಮೇಲೆ ಎರಡೂ ಕಡೆಯಿಂದ ಜನ ಹಗ್ಗ ಹಿಡಿದು ಎಳೆಯಬೇಕು.

ಬಲೆಯ ಉದ್ದ ಒಂದು ಕಿಲೋಮೀಟರಿಗೂ ಮಿಕ್ಕಿದ್ದು. ಎಳೆಯಲು ಐವತ್ತರಿಂದ ನೂರರವರೆಗೆ ಆಳು ಬೇಕು. ಇಷ್ಟು ದೊಡ್ಡ ಬಲೆಯನ್ನು ಒಬ್ಬನೇ ಕೊಳ್ಳಲಾರ, ಕೊಂಡರೂ ಒಂದು ಮನೆಯವರು ಎಳೆಯಲಾರರು. ಆದ್ದರಿಂದ ಬಲೆ ಊರಿನದಾಗಿತ್ತು. ಪ್ರತಿ ಮನೆಯೂ ತನ್ನ ತುಂಡು ಬಲೆಯನ್ನು ತರುತ್ತಿತ್ತು. ಆ ತುಂಡುಗಳನ್ನು ಸೇರಿಸಿ ಹೊಲಿದಾಗ ರಂಪಣಿ ಆಗುತ್ತಿತ್ತು. ಹೀಗೆ ಸೇರಿದವರ ಗುಂಪಿಗೆ ‘ರಂಪಣಿ ಫಂಡ್’ ಎಂದು ಹೆಸರು. ಇಂಗ್ಲಿಷಿನಿಂದ ಬಂದ ಈ ‘ಫಂಡ್’ ಎಂಬ ಮಾತು ಕರಾವಳಿಯಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬಲೆಗೆ ಬಿದ್ದ ಹಿಂಡು ದೊಡ್ಡದಾಗಿದ್ದರೆ ಒಮ್ಮೆಗೇ ದಡಕ್ಕೆ ಎಳೆಯುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ಭದ್ರಪಡಿಸಿ, ಮೀನನ್ನು ಜೀವಂತವಾಗಿ ಕೂಡಿಹಾಕಿ, ಮಾರಾಟವಾಗುವಷ್ಟನ್ನು ಚಿಕ್ಕ ಬಲೆಗಳಿಂದ ದಿನದಿನವೂ ತೆಗೆಯುತ್ತಿದ್ದರು. ಮಂಜುಗಡ್ಡೆಯ ಕಾರ್ಖಾನೆ ಇಲ್ಲದ ಕಾಲದಲ್ಲಿ ಮೀನು ಕೆಡದಂತೆ, ಬೆಲೆ ಕುಸಿಯದಂತೆ ಕಾಯುವ ಉಪಾಯ ಇದು. ತಿಂದು, ಮಾರಿ, ಉಪ್ಪು ಹಾಕಿ ಒಣಗಿಸಿ ಮಿಕ್ಕ ಬೂತಾಯಿ ತೆಂಗಿನ ತೋಟಕ್ಕೆ ಗೊಬ್ಬರವಾಗುತ್ತಿತ್ತು.

ಜಾಗ, ಸರದಿ, ಪಾಲು

ಹಾಗಾದರೆ ಇಲ್ಲಿ ಯಾರು ಯಾವುದಕ್ಕೆ ಒಡೆಯರು? ನೀರಿಗೆ ಯಾರೂ ಅಲ್ಲ. ಈಜಾಡುವ ಮೀನಿಗೂ ಅಲ್ಲ. ಆದರೆ ಮೂರು ವಿಷಯಗಳಲ್ಲಿ ಒಡೆತನವಿತ್ತು.

ಮೊದಲನೆಯದು ಜಾಗ. ಊರಿನೆದುರಿನ ದಡದಲ್ಲಿ ಬಲೆ ಎಳೆಯುವ ಹಕ್ಕು ಆ ಊರಿನ ಫಂಡಿನದು. ರಂಪಣಿಗೆ ಬಂಡೆಗಳಿಲ್ಲದ, ಇಳಿಜಾರಾದ ಮರಳ ದಡ ಬೇಕು. ದೋಣಿ ಇಡಲು, ಬಲೆ ಒಣಗಿಸಲು, ಹರಿದ ಬಲೆ ಹೊಲಿಯಲು, ಮೀನು ಹರವಲು ಕೂಡ ಜಾಗ ಬೇಕು. ದಡದ ಮೇಲಿನ ಈ ಹಿಡಿತವೇ ಅದರ ಮುಂದಿನ ನೀರಿನ ಮೇಲಿನ ಹಿಡಿತವೂ ಆಗಿತ್ತು. ಪಕ್ಕದೂರಿನವರು ಕೇಳದೆ ಬಂದು ಅಲ್ಲಿ ಬಲೆ ಎಳೆಯುವಂತಿರಲಿಲ್ಲ.

ಎರಡನೆಯದು ಸರದಿ. ಒಂದೇ ದಡಕ್ಕೆ ಎರಡು ಬಲೆಗಳಿದ್ದರೆ ಪಾಳಿಯಂತೆ ಹಾಕಬೇಕು. ಒಬ್ಬರು ಬಳಸಿದ ಹಿಂಡಿಗೆ ಇನ್ನೊಬ್ಬರು ಅಡ್ಡ ಬರಬಾರದು.

ಮೂರನೆಯದು ಪಾಲು. ದೋಣಿಗೊಂದು ಪಾಲು, ಬಲೆಯ ತುಂಡಿಗೊಂದು ಪಾಲು, ದುಡಿದ ಮೈಗೊಂದು ಪಾಲು. ಹಿಂಡನ್ನು ಗುರುತಿಸಿ ದೋಣಿ ನಡೆಸುವ ತಾಂಡೇಲನಿಗೆ ಹೆಚ್ಚಿನದು. ದೇವಸ್ಥಾನಕ್ಕೂ ತೆಗೆದಿಡಬೇಕು. ಬಲೆಗೆ ಕೈಹಾಕಿ ಎಳೆದವರು ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ. ಮೀನು ಸಿಗದ ದಿನ ನಷ್ಟವೂ ಇದೇ ರೀತಿ ಹಂಚಿಹೋಗುತ್ತಿತ್ತು.

ತಂಟೆ ಬಂದರೆ ತೀರ್ಮಾನಿಸುವವರೂ ಊರಿನಲ್ಲೇ ಇದ್ದರು. ಮೊಗವೀರರ ಪಟ್ಣಗಳಲ್ಲಿ ಗುರಿಕಾರರೂ ಹಿರಿಯರೂ ಸೇರಿ ಮಾತುಕತೆ ನಡೆಸುತ್ತಿದ್ದರು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಾಸರಗೋಡಿನಲ್ಲಿ, ಅಲ್ಲಿಂದ ದಕ್ಷಿಣಕ್ಕೆ ಮಲಬಾರಿನ ತೀರದಲ್ಲಿ ಮೀನುಗಾರರ ಇಂಥ ಕೂಟಕ್ಕೆ ‘ಕಡಕ್ಕೋಡಿ’ ಎಂಬ ಹೆಸರಿದೆ. ಕಡಲ ಕೋರ್ಟು ಎಂದೇ ಇದರ ಅರ್ಥ. ದೇವಸ್ಥಾನದ ಸ್ಥಾನಿಕರು ಅಲ್ಲಿ ನ್ಯಾಯ ಹೇಳುವವರು. ತಪ್ಪಿತಸ್ಥನಿಗೆ ದಂಡ ಹಾಕುವ ಅಧಿಕಾರ ಅವರಿಗಿತ್ತು. ದಿನವೂ ಕಡಲಿಗೆ ಇಳಿದು ಬದುಕಬೇಕಾದವನಿಗೆ ಊರವರ ಮಾತು ಮೀರುವುದು ಸುಲಭವಿರಲಿಲ್ಲ.

ಈ ವ್ಯವಸ್ಥೆಯನ್ನು ರಾಮರಾಜ್ಯವೆಂದು ಬಣ್ಣಿಸುವುದು ಸರಿಯಲ್ಲ. ಬಲೆಯ ತುಂಡುಗಳು ಹೆಚ್ಚಿದ್ದವನಿಗೆ ಪಾಲೂ ಹೆಚ್ಚು, ಬರಿಯ ಮೈದುಡಿಮೆಯವನಿಗೆ ಕಡಿಮೆ. ಹಕ್ಕು ಜಾತಿಯ ಚೌಕಟ್ಟಿನೊಳಗಿತ್ತು. ಮೀನನ್ನು ಬುಟ್ಟಿಯಲ್ಲಿ ಹೊತ್ತು ಮೈಲುಗಟ್ಟಲೆ ನಡೆದು ಮಾರಿ ಮನೆ ನಡೆಸುತ್ತಿದ್ದ ಹೆಂಗಸರಿಗೆ ಫಂಡಿನ ಮಾತುಕತೆಯಲ್ಲಿ ಸ್ಥಾನವಿರಲಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ದಡಕ್ಕೆ ಬಂದ ಮೀನು ಒಬ್ಬನ ಕೈಗೆ ಹೋಗದೆ ಊರಿನೊಳಗೆ ಹರಡುತ್ತಿತ್ತು.

ನ್ಯಾಯಾಲಯದ ಕಣ್ಣಿನಲ್ಲಿ

ಇಂಥ ಹಕ್ಕನ್ನು ಕಾನೂನು ಹೇಗೆ ಕಂಡಿತು? 1876ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಬಾಬನ್ ಮಾಯಾಚಾ ಮತ್ತು ನಾಗು ಶ್ರಾವುಚಾ ಎಂಬ ಮೀನುಗಾರರ ನಡುವಿನ ಮೊಕದ್ದಮೆ ಬಂತು. ಕಡಲಲ್ಲಿ ಕಂಬ ನೆಟ್ಟು ಬಲೆ ಕಟ್ಟುವವರ ನಡುವೆ ಎದ್ದ ತಂಟೆ ಅದು. ಕಡಲಲ್ಲಿ ಮೀನು ಹಿಡಿಯುವ ಹಕ್ಕು ಸಾರ್ವಜನಿಕರೆಲ್ಲರಿಗೆ ಸೇರಿದ್ದು, ಅದು ಯಾರ ಸ್ವತ್ತೂ ಅಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಅದರ ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿತು. ಈ ಹಕ್ಕನ್ನು ಪ್ರತಿಯೊಬ್ಬನೂ ನ್ಯಾಯವಾಗಿ, ಇತರರ ಅಷ್ಟೇ ಹಕ್ಕಿಗೆ ಅಡ್ಡಿಯಾಗದಂತೆ ಬಳಸಬೇಕು. ಅಡ್ಡಿಪಡಿಸಿದರೆ ನೊಂದವನು ದಾವೆ ಹೂಡಬಹುದು.

ಉತ್ತರ ಕನ್ನಡ ಜಿಲ್ಲೆ 1862ರಿಂದಲೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಕಾರವಾರದ ಕಡಲಿಗೂ ಈ ತೀರ್ಪಿನ ಮಾತೇ ಕಾನೂನಾಯಿತು. ತೀರ್ಪಿನ ಎರಡು ಭಾಗಗಳಲ್ಲಿ ಮೊದಲನೆಯದು ಎಲ್ಲರ ನೆನಪಿನಲ್ಲಿ ಉಳಿಯಿತು. ಕಡಲು ಎಲ್ಲರದು ಎಂಬುದು ಆಡಳಿತದ ಮಂತ್ರವಾಯಿತು. ಎರಡನೆಯ ಭಾಗವನ್ನು ದಿನನಿತ್ಯ ಜಾರಿಗೆ ತರುತ್ತಿದ್ದದ್ದು ಮಾತ್ರ ಊರಿನ ಕಟ್ಟುಪಾಡು. ಜಾಗ, ಸರದಿ, ಪಾಲುಗಳ ಹಕ್ಕು ಕಾಗದದ ಮೇಲೆ ಎಲ್ಲೂ ದಾಖಲಾಗಲಿಲ್ಲ. ಎಲ್ಲರ ಬಲೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವಾಗಿರುವವರೆಗೆ ಇದರಿಂದ ತೊಂದರೆಯೂ ಆಗಲಿಲ್ಲ.

ದಡ ಬೇಡದ ಬಲೆ

ತೊಂದರೆ ಬಂದದ್ದು ದಡವೇ ಬೇಡದ ಬಲೆ ಬಂದಾಗ. 1960ರ ದಶಕದಲ್ಲಿ ಸಿಗಡಿಯ ರಫ್ತು ಬೆಳೆದಂತೆ ಯಾಂತ್ರಿಕ ಟ್ರಾಲ್ ಬೋಟುಗಳು ಹೆಚ್ಚಿದವು. ಅವು ಕಡಲ ತಳವನ್ನು ಗೋರುವವು. ರಂಪಣಿಯವರ ಮೀನು ಮೇಲ್ನೀರಿನದು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದಾಗ ಪರಿಸ್ಥಿತಿ ಬದಲಾಯಿತು. ಪರ್ಸೀನ್ ಬಲೆ ಮೀನಿನ ಹಿಂಡನ್ನು ನಡುಗಡಲಿನಲ್ಲೇ ಸುತ್ತುಗಟ್ಟುತ್ತದೆ. ಅದರ ಕೆಳ ಅಂಚಿನ ಬಳೆಗಳಲ್ಲಿ ಹಾದುಹೋಗುವ ಹಗ್ಗವನ್ನು ಜಗ್ಗಿದರೆ ಸಂಚಿಯ ಬಾಯಿ ಬಿಗಿದಂತೆ ತಳ ಮುಚ್ಚಿಕೊಳ್ಳುತ್ತದೆ. ಎರಡು ಬಲೆಗಳೂ ಅರಸುವುದು ಅದೇ ಬಂಗುಡೆ, ಅದೇ ಬೂತಾಯಿ.

ರಂಪಣಿ ದಡದಲ್ಲಿ ನಿಂತು ಮೀನು ಬರುವುದನ್ನು ಕಾಯುತ್ತದೆ. ಪರ್ಸೀನ್ ಮೀನಿದ್ದಲ್ಲಿಗೇ ಹೋಗುತ್ತದೆ. ಊರಿನ ಹಕ್ಕೆಲ್ಲ ದಡಕ್ಕೆ ಅಂಟಿಕೊಂಡಿತ್ತು. ಮೀನು ದಡಕ್ಕೆ ಬರುವ ಮೊದಲೇ ಹಿಡಿದವನಿಗೆ ಆ ಹಕ್ಕನ್ನು ಮುರಿಯಬೇಕಾದ ಅಗತ್ಯವೇ ಬೀಳಲಿಲ್ಲ. ಅವನು ಯಾರ ದಡವನ್ನೂ ಮೆಟ್ಟಲಿಲ್ಲ, ಯಾರ ಸರದಿಯನ್ನೂ ತಪ್ಪಿಸಲಿಲ್ಲ. ಕಾನೂನಿನ ಪ್ರಕಾರ ಕಡಲು ಎಲ್ಲರದು, ಅವನದೂ ಹೌದು. ಗುರಿಕಾರನ ಮುಂದೆ ದೂರು ಕೊಡೋಣವೆಂದರೆ ಬೋಟು ಮಲ್ಪೆಯದೋ ಮಂಗಳೂರಿನದೋ, ಅದರ ಮಾಲೀಕ ಆ ಪಟ್ಣದ ಮಾತಿಗೆ ಒಳಪಟ್ಟವನಲ್ಲ.

ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಬಲೆಯ ತುಂಡುಗಳು ಅಟ್ಟ ಹತ್ತಿದವು. ಎಳೆಯುತ್ತಿದ್ದ ಯುವಕರು ಬೋಟುಗಳಲ್ಲಿ ಕೆಲಸಕ್ಕೆ ಸೇರಿದರು, ಹಲವರು ಮುಂಬಯಿಗೆ ಹೋದರು. ಇದನ್ನು ಹೊರಗಿನವರ ದಾಳಿ ಎಂದು ಹೇಳಿ ಮುಗಿಸುವಂತೆಯೂ ಇಲ್ಲ. ಪರ್ಸೀನ್ ಮಾಲೀಕರಲ್ಲಿ ಅದೇ ಸಮುದಾಯದವರೂ ಇದ್ದರು. ಸಾಲ ಪಡೆದು ಬೋಟು ಮಾಡಿ ಮೇಲೆ ಬಂದ ಮನೆತನಗಳಿವೆ. ಒಂದೇ ಪಟ್ಣದಲ್ಲಿ ಒಬ್ಬನ ಮನೆಗೆ ಎರಡನೆಯ ಅಂತಸ್ತು ಎದ್ದಾಗ ಇನ್ನೊಬ್ಬನ ಪಾಲು ಇಲ್ಲವಾಗಿತ್ತು.

ಕಟ್ಟುಪಾಡು ಸೋಲಲೇಬೇಕೆ?

1968ರಲ್ಲಿ ಅಮೆರಿಕದ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಒಂದು ವಾದ ಮಂಡಿಸಿದ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಬಿಡಲು ನೋಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಆದ್ದರಿಂದ ಅದನ್ನು ಖಾಸಗಿಗೆ ಹಂಚಬೇಕು, ಇಲ್ಲವೇ ಸರ್ಕಾರ ಹಿಡಿತಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ಕಡಲಿಗೂ ಇದೇ ಮಾತನ್ನು ಅನ್ವಯಿಸಲಾಯಿತು. ಎಲಿನಾರ್ ಆಸ್ಟ್ರಾಮ್ ಎಂಬ ವಿದ್ವಾಂಸೆ 1990ರ ತಮ್ಮ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು. ಎಲ್ಲರದೂ ಎಂದರೆ ಯಾರದೂ ಅಲ್ಲ ಎಂದಾಗಬೇಕಿಲ್ಲ, ಬಳಸುವವರೇ ನಿಯಮ ಮಾಡಿಕೊಂಡು ಕಾಪಾಡಿದ ಉದಾಹರಣೆಗಳಿವೆ ಎಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು.

ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ಟರ್ಕಿಯ ಅಲಾನ್ಯಾ ಎಂಬ ಮೀನುಗಾರರ ಊರು. ಅಲ್ಲಿ ಸುಮಾರು ನೂರು ಮೀನುಗಾರರು. ಒಳ್ಳೆಯ ಜಾಗಕ್ಕಾಗಿ ಹೊಡೆದಾಟವಾಗುತ್ತಿತ್ತು. 1970ರ ದಶಕದಲ್ಲಿ ಅವರೇ ಕುಳಿತು ಬಲೆ ಬಿಡುವ ಜಾಗಗಳ ಪಟ್ಟಿ ಮಾಡಿದರು. ಒಬ್ಬರ ಬಲೆ ಇನ್ನೊಬ್ಬರ ಮೀನಿಗೆ ಅಡ್ಡವಾಗದಷ್ಟು ಅಂತರ ಇಟ್ಟರು. ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿ ಜಾಗ ಹಂಚಿಕೊಂಡು, ಜನವರಿಯವರೆಗೆ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ, ಅಲ್ಲಿಂದ ಮೇ ತಿಂಗಳವರೆಗೆ ಪಶ್ಚಿಮಕ್ಕೆ ಸರಿಯುತ್ತಾ ಹೋದರು. ಒಳ್ಳೆಯ ಜಾಗ ಎಲ್ಲರಿಗೂ ಒಂದೊಂದು ದಿನ ಸಿಕ್ಕಿತು. ಕಾವಲುಗಾರನೂ ಬೇಕಾಗಲಿಲ್ಲ. ತನ್ನ ದಿನ ಬಂದವನು ನಸುಕಿನಲ್ಲೇ ಅಲ್ಲಿ ಹಾಜರಿರುತ್ತಿದ್ದ.

ಸೋತ ಉದಾಹರಣೆಯನ್ನೂ ಆಸ್ಟ್ರಾಮ್ ಮುಚ್ಚಿಡಲಿಲ್ಲ. ದಕ್ಷಿಣ ಶ್ರೀಲಂಕೆಯ ಮಾವೆಲ್ಲೆ ಎಂಬ ಹಳ್ಳಿಯಲ್ಲಿ ರಂಪಣಿಯಂಥದೇ ದಡದ ಬಲೆ, ಬಲೆಯಲ್ಲಿ ಪಾಲು, ಎಳೆಯಲು ಸರದಿ ಎಲ್ಲವೂ ಇತ್ತು. ಮೀನಿಗೆ ಬೆಲೆ ಬಂದಂತೆ ಎಲ್ಲರೂ ಹೊಸ ಬಲೆ ಮಾಡಿದರು. ಸಂಖ್ಯೆಗೆ ಮಿತಿ ಹಾಕುವ ಕಾನೂನು ಜಾರಿಯಾಗಲಿಲ್ಲ. ಬಲೆಗಳ ಸಂಖ್ಯೆ ನೂರು ದಾಟಿದಾಗ ಒಬ್ಬೊಬ್ಬರ ಸರದಿ ವರ್ಷಕ್ಕೆ ಕೆಲವೇ ಸಲ ಬರುವಂತಾಯಿತು. ಹಂಚುವ ನಿಯಮ ಉಳಿಯಿತು, ಹಂಚಲು ಏನೂ ಉಳಿಯಲಿಲ್ಲ. ಹೊಸಬರ ಪ್ರವೇಶಕ್ಕೆ ಮಿತಿ ಹಾಕುವ ಬಲ ಊರಿಗಿರಬೇಕು, ಅದನ್ನು ಸರ್ಕಾರ ಮಾನ್ಯ ಮಾಡಬೇಕು ಎಂಬುದು ಈ ಕಥೆಯ ಪಾಠ.

ಜಪಾನ್ ಹಿಡಿದ ದಾರಿ ಇದೇ. ಅಲ್ಲಿ ಹಳ್ಳಿಗಳ ಎದುರಿನ ಕಡಲಿನ ರೂಢಿಯ ಹಕ್ಕನ್ನು 1901ರ ಮೀನುಗಾರಿಕಾ ಕಾನೂನು ಕಾಗದಕ್ಕೆ ಇಳಿಸಿತು. ಯುದ್ಧಾನಂತರದ 1949ರ ಕಾನೂನು ಅದನ್ನು ಮೀನುಗಾರರ ಸಹಕಾರ ಸಂಘಗಳ ಕೈಗೆ ಕೊಟ್ಟಿತು. ದಡದ ಸಮೀಪದ ನೀರಿನಲ್ಲಿ ಯಾರು, ಯಾವ ಬಲೆಯಿಂದ, ಯಾವಾಗ ಹಿಡಿಯಬೇಕೆಂಬ ನಿಯಮವನ್ನು ಆ ಸಂಘಗಳೇ ಮಾಡುತ್ತವೆ. ಕಡಲು ಖಾಸಗಿಯೂ ಆಗಲಿಲ್ಲ, ಕಂಡವರ ಪಾಲೂ ಆಗಲಿಲ್ಲ.

ಆರು ಕಿಲೋಮೀಟರಿನ ಗೆರೆ

ಭಾರತದಲ್ಲಿ ಬಂದದ್ದು ಬೇರೆ ಬಗೆಯ ಉತ್ತರ. ಸಂವಿಧಾನದಂತೆ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರುವರೆಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆಯದು ಕೇಂದ್ರದ್ದು. 1970ರ ದಶಕದಲ್ಲಿ ಗೋವೆಯ ರಾಂಪಣಕಾರರು ಮತಾನಿ ಸಲ್ಡಾನ್ಹಾ ಮುಂತಾದವರ ಮುಂದಾಳತ್ವದಲ್ಲಿ ಟ್ರಾಲರುಗಳ ವಿರುದ್ಧ ದೊಡ್ಡ ಚಳವಳಿ ನಡೆಸಿದರು. ಕೇರಳ, ತಮಿಳುನಾಡುಗಳಲ್ಲೂ ನಾಡದೋಣಿಯವರು ಬೀದಿಗಿಳಿದರು. 1980ರಲ್ಲಿ ಗೋವೆ ಮತ್ತು ಕೇರಳ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನು ಮಾಡಿದವು. ಕರ್ನಾಟಕದ ಕಾನೂನು ಬಂದದ್ದು 1986ರಲ್ಲಿ. ದಡದಿಂದ ಆರು ಕಿಲೋಮೀಟರಿನವರೆಗಿನ ನೀರು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲು ಎಂಬ ಗೆರೆ ಹೀಗೆ ಬಂತು. ಅಷ್ಟರಲ್ಲಿ ರಂಪಣಿ ಎಳೆಯುವವರೇ ಅಪರೂಪವಾಗಿದ್ದರು.

ನ್ಯಾಯಾಲಯದ ನಿಲುವೂ ಬದಲಾಯಿತು. ಮುಂಬಯಿ ತೀರ್ಪು ಬಂದು ನೂರಕ್ಕೂ ಹೆಚ್ಚು ವರ್ಷಗಳ ನಂತರ ಜೋಸೆಫ್ ಆಂಟೋನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇರಳದ ಕರಾವಳಿ ನೀರಿನಲ್ಲಿ ಪರ್ಸೀನ್ ಮೊದಲಾದ ಬಲೆಗಳನ್ನು ನಿಷೇಧಿಸಿದ ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಬಡ ಸಾಂಪ್ರದಾಯಿಕ ಮೀನುಗಾರರ ಜೀವನೋಪಾಯದ ರಕ್ಷಣೆ ಈ ತೀರ್ಪಿನ ಮುಖ್ಯ ಆಧಾರಗಳಲ್ಲಿ ಒಂದು. ಹಳೆಯ ತೀರ್ಪಿನ ಮರೆತ ಎರಡನೆಯ ಭಾಗಕ್ಕೆ ಹೀಗೆ ಜೀವ ಬಂದಂತಾಯಿತು.

ಆದರೆ ಆರು ಕಿಲೋಮೀಟರಿನ ಗೆರೆಗೂ ಊರಿನ ಕಟ್ಟುಪಾಡಿಗೂ ಅಜಗಜಾಂತರವಿದೆ. ಗೆರೆ ಒಂದು ವರ್ಗದ ದೋಣಿಗಳಿಗೆ ನೀರನ್ನು ಮೀಸಲಿಡುತ್ತದೆ. ಆ ನೀರು ಯಾವ ಊರಿನದು, ಯಾರ ಸರದಿ, ಯಾರಿಗೆ ಪಾಲು ಎಂದು ಅದು ಹೇಳುವುದಿಲ್ಲ. ಗೆರೆ ದಾಟಿದವನನ್ನು ಹಿಡಿಯಬೇಕಾದದ್ದು ಇಲಾಖೆಯ ಗಸ್ತು ದೋಣಿ. ದಡದ ಮೇಲೆ ನಿಂತ ನೂರು ಜೊತೆ ಕಣ್ಣುಗಳ ಕೆಲಸವನ್ನು ಸುಮಾರು 300 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಕೆಲವು ಗಸ್ತು ದೋಣಿಗಳು ಮಾಡಬೇಕಾಗಿದೆ. ಪ್ರಖರ ಎಲ್‌ಇಡಿ ದೀಪ ಉರಿಸಿ ಮೀನನ್ನು ಸೆಳೆದು ಹಿಡಿಯುವುದನ್ನು, ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆಮೇಲೂ ನಾಡದೋಣಿಯವರು ಮತ್ತೆ ಮತ್ತೆ ಪ್ರತಿಭಟನೆಗೆ ಇಳಿಯಬೇಕಾಯಿತು.

ಉಳಿದಿರುವ ಹಗ್ಗ

ಹಾಗೆಂದು ಹಳೆಯ ಪದ್ಧತಿ ಪೂರ್ತಿ ಅಳಿದಿಲ್ಲ. ರಂಪಣಿಯ ಚಿಕ್ಕ ರೂಪವಾದ ಕೈರಂಪಣಿಯನ್ನು ಉಡುಪಿ ಸುತ್ತಮುತ್ತಲ ದಡಗಳಲ್ಲಿ ಇಂದಿಗೂ ಎಳೆಯುತ್ತಾರೆ. ಇದಕ್ಕೂ ಫಂಡುಗಳಿವೆ. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದಾಗ, ನಾಡದೋಣಿಯವರು ಮಾಟುಬಲೆ ಹಿಡಿದು ತೂಫಾನ್ ಏಳುವುದನ್ನೇ ಕಾಯುತ್ತಾರೆ. ಆ ಎರಡು ತಿಂಗಳು ದಡದ ಸಮೀಪದ ನೀರು ಮತ್ತೆ ಸಣ್ಣವರ ಕೈಗೆ ಬರುತ್ತದೆ. ಅಲ್ಲಿ ಇಂದಿಗೂ ಮೀನು ಪಾಲಾಗುತ್ತದೆ. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆಗೆ ಬೋಟಿನವರೂ ದೋಣಿಯವರೂ ಒಟ್ಟಿಗೇ ಸೇರುತ್ತಾರೆ.

ಈಗಿನ ಆತಂಕ ನೀರಿಗಿಂತ ಹೆಚ್ಚಾಗಿ ದಡದ್ದು. ಕಾರವಾರ ಮತ್ತು ಅಂಕೋಲದ ನಡುವಿನ ತೀರ ಸೀಬರ್ಡ್ ನೌಕಾನೆಲೆಗೆ ಹೋದಾಗ ಮೀನುಗಾರರ ಹಳ್ಳಿಗಳು ಎತ್ತಂಗಡಿಯಾದವು. ಮನೆಗೆ, ಜಮೀನಿಗೆ ಪರಿಹಾರದ ಲೆಕ್ಕ ಹಾಕಬಹುದು. ಬಲೆ ಎಳೆಯುವ ದಡಕ್ಕೆ ದಾಖಲೆ ಎಲ್ಲಿಂದ ತರುವುದು? ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವಿರೋಧಿಸಿದ್ದರ ಹಿಂದೆಯೂ ಇದೇ ಪ್ರಶ್ನೆ ಇದೆ. ಮೀನು ಒಣಗಿಸುವ ಮರಳು ಕಂದಾಯ ಇಲಾಖೆಯ ಪುಸ್ತಕದಲ್ಲಿ ಖಾಲಿ ಜಾಗ. ಹೆಂಗಸರಿಗೆ ಅದು ಕೆಲಸದ ಅಂಗಳ. ರೆಸಾರ್ಟುಗಳು ಎದ್ದಲ್ಲಿ ಕಡಲಿಗೆ ಇಳಿಯುವ ಓಣಿಯೂ ಕಿರಿದಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಒಪ್ಪಿದ ಸಣ್ಣ ಮೀನುಗಾರಿಕೆಯ ಮಾರ್ಗಸೂಚಿ, ರೂಢಿಯಿಂದ ಬಂದ ಇಂಥ ಹಕ್ಕುಗಳನ್ನು ಗುರುತಿಸಿ ಗೌರವಿಸಬೇಕೆಂದು ಹೇಳುತ್ತದೆ. ಅದು ಸಲಹೆ, ಕಡ್ಡಾಯವಲ್ಲ.

ರಂಪಣಿಯನ್ನು ಮತ್ತೆ ತರುವುದು ಆಗದ ಮಾತು. ಊರಿಗೆ ನೂರು ಜೊತೆ ಕೈಗಳು ಈಗ ಸಿಗುವುದಿಲ್ಲ, ಹಿಂಡು ಹಿಂಡಾಗಿ ದಡ ಮುಟ್ಟುವ ಬಂಗುಡೆಯೂ ಇಲ್ಲ. ಆದರೆ ಯಾವ ದಡವನ್ನು ಯಾವ ಊರು ಯಾವ ಕೆಲಸಕ್ಕೆ ಬಳಸುತ್ತದೆ ಎಂಬುದನ್ನು ಆಯಾ ಊರಿನವರನ್ನೇ ಕೇಳಿ ನಕ್ಷೆಯ ಮೇಲೆ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಫಂಡುಗಳ ಲೆಕ್ಕ ಬರೆದವರು, ಸರದಿಯ ತಂಟೆ ತೀರಿಸಿದವರು ಈಗ ಮುದುಕರಾಗಿದ್ದಾರೆ. ದಾಖಲೆ ಎಂಬುದು ಏನಾದರೂ ಇದ್ದರೆ ಅದು ಅವರ ನೆನಪಿನಲ್ಲಿದೆ. ಬರೆದುಕೊಳ್ಳುವುದಾದರೆ ಬೇಗ ಬರೆದುಕೊಳ್ಳಬೇಕು.